ವಾಸ್ತುವಿದ್ಯಾರ್ಥಿಯ ಕಾರ್ಯಾನುಭವ: ಇಂದ್ರಕೀಲಾದ್ರಿಯ ಪರಿಸರದಲ್ಲಿ ಒಂದು ಪರಿಶೀಲನೆ

1

ಕೃಷ್ಣಾನದಿಯ ಉತ್ತರ ದಡದಲ್ಲಿ ವಿಜಯವಾಡ ನಗರಕ್ಕೆ ಅಂಟಿಕೊಂಡಂತೆ ನಿಂತಿರುವ ಇಂದ್ರಕೀಲಾದ್ರಿಯು ಕನ್ನಡಿಗರಿಗೆ ಅಪರಿಚಿತವಾದ ಹೆಸರಲ್ಲ. ಅರ್ಜುನನು ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದ ಬೆಟ್ಟವು ಇದೇ ಎಂದು ಇಲ್ಲಿಯ ಸ್ಥಳಪುರಾಣವು ಹೇಳುತ್ತದೆ. ವಿಜಯನೆಂಬ ಅವನ ಹೆಸರಿನಿಂದಲೇ ಊರಿಗೆ ಹೆಸರು ಬಂದಿತೆಂದು ಜನರು ನಂಬಿದ್ದಾರೆ. ಅರ್ಜುನನನ್ನೇ ನಾಯಕನನ್ನಾಗಿ ಮಾಡಿಕೊಂಡು 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದ ಪಂಪನ ಪೂರ್ವಿಕರೂ ಈ ಸೀಮೆಗೆ ಸೇರಿದ ವೆಂಗಿಮಂಡಲದವರೇ ಆಗಿದ್ದರು. ಹೊಟ್ಟೆಪಾಡಿಗಾಗಿಯೋ ವಿದ್ಯೆಗಾಗಿಯೋ ಒಂದು ನಾಡಿನಿಂದ ಮತ್ತೊಂದು ನಾಡಿಗೆ ಹೋಗುವುದು ಕನ್ನಡಿಗರಿಗೂ ಆಂಧ್ರರಿಗೂ ಸಾವಿರ ವರ್ಷಗಳ ಹಳೆಯ ರೂಢಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಆ ಕಥೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇಂದ್ರಕೀಲಕ್ಕೆ ಬಂದಾಗ ಅರ್ಜುನನು ವಿದ್ಯಾರ್ಥಿಯಾಗಿರಲಿಲ್ಲ. ದ್ರೋಣನ ಬಳಿಯ ಶಿಕ್ಷಣವು ಎಂದೋ ಮುಗಿದಿತ್ತು. ಆದರೂ ಗುರುಗೃಹದಲ್ಲಿ ದೊರೆಯದ ಒಂದು ವಿದ್ಯೆಗಾಗಿ ಅವನು ಮನೆ ಬಿಟ್ಟು ಬರಬೇಕಾಯಿತು. ಬಂದ ಮೇಲೆ ಕಿರಾತನೊಡನೆ ಸೆಣಸಬೇಕಾಯಿತು. ಇಂದು ಅದೇ ಬೆಟ್ಟದ ಆಸುಪಾಸಿನಲ್ಲಿ ವಾಸ್ತುಶಿಲ್ಪವನ್ನೂ ವಸ್ತುವಿನ್ಯಾಸವನ್ನೂ ಓದುತ್ತಿರುವ ನೂರಾರು ತರುಣ ತರುಣಿಯರಿದ್ದಾರೆ. ಶಾಲೆಯ ಶಿಕ್ಷಣವು ಒಂದು ಹಂತಕ್ಕೆ ಬಂದೊಡನೆ ಅವರೂ ವಾಸ್ತುಶಿಲ್ಪಿಗಳ ಕಛೇರಿಗಳ ಬಾಗಿಲು ತಟ್ಟಬೇಕಾಗುತ್ತದೆ. ಈ ಕಾರ್ಯಾನುಭವವೆಂದರೇನು, ಅದು ಹೇಗೆ ಬಂದಿತು, ಅದನ್ನು ಪಡೆಯುವ ಬಗೆ ಯಾವುದು, ಅದರ ವೆಚ್ಚವನ್ನು ಯಾರು ಹೊರಬೇಕು ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

2

ಪ್ರಾಚೀನ ಕರ್ಣಾಟಕದಲ್ಲಿ ಕಟ್ಟಡದ ವಿದ್ಯೆಗೆ ಶಾಲೆಯೂ ಕಛೇರಿಯೂ ಬೇರೆ ಬೇರೆಯಾಗಿರಲಿಲ್ಲ. ಕೆಲಸ ನಡೆಯುವ ಸ್ಥಳವೇ ಶಾಲೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನಗಳು ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಎಂಬ ಸ್ಥಪತಿಗಳನ್ನು ಹೆಸರಿಸಿ ಹೊಗಳುತ್ತವೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗನಾದ ಚಾವಣನೂ ತಮ್ಮ ಕೃತಿಗಳ ಮೇಲೆ ಹೆಸರು ಕೊರೆದಿದ್ದಾರೆ. ತಂದೆ ಮಗ ಇಬ್ಬರೂ ಒಂದೇ ಗುಡಿಯಲ್ಲಿ ಉಳಿ ಹಿಡಿದಿದ್ದರೆಂಬುದು ಇದರಿಂದ ತಿಳಿಯುತ್ತದೆ. ಸೋಮನಾಥಪುರದ ದೇವಾಲಯದಲ್ಲಿ ಮಲ್ಲಿತಮ್ಮನ ಹೆಸರು ಹಲವು ವಿಗ್ರಹಗಳ ಕೆಳಗೆ ಕಾಣಬರುತ್ತದೆ.

ಈ ಪದ್ಧತಿಯಲ್ಲಿ ಎರಡು ಗುಣಗಳಿದ್ದುವು. ಕಲಿಯುವವನ ಊಟವಸತಿಗಳು ಕೆಲಸದೊಳಗೇ ಅಡಕವಾಗಿದ್ದುವು. ಕೈ ಪಳಗಿದಂತೆಲ್ಲ ಅವನ ಸ್ಥಾನವೂ ಏರುತ್ತಿತ್ತು. ದೋಷವೂ ಅಷ್ಟೇ ಸ್ಪಷ್ಟವಾದುದು: ಓಜರ, ಆಚಾರಿಗಳ ಮನೆಯಲ್ಲಿ ಹುಟ್ಟದವನಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಹುಟ್ಟಿನ ಕಟ್ಟನ್ನು ಬಿಡಿಸಿ ಯಾರು ಬೇಕಾದರೂ ಕಲಿಯಬಹುದೆಂಬ ಸ್ಥಿತಿಯನ್ನು ತಂದುದೇ ಆಧುನಿಕ ಶಾಲೆಯ ದೊಡ್ಡ ಉಪಕಾರ. ಆದರೆ ಶಾಲೆಯು ಕೆಲಸದಿಂದ ದೂರವಾದೊಡನೆ ಹೊಸದೊಂದು ಕೊರತೆ ಹುಟ್ಟಿತು. ಕಾಗದದ ಮೇಲೆ ಗೋಡೆಯನ್ನೆಬ್ಬಿಸಬಲ್ಲವನು ಇಟ್ಟಿಗೆಯ ಗೋಡೆಯನ್ನು ಕಾಣದೆಯೇ ಪದವೀಧರನಾಗುವ ಸಂಭವ ಒದಗಿತು.

ಇಂಗ್ಲಿಷರ ಆಳ್ವಿಕೆಯಲ್ಲಿ ಈ ಕೊರತೆಯನ್ನು ಎರಡು ಬಗೆಯಾಗಿ ನೀಗಿಸಿಕೊಳ್ಳಲಾಗುತ್ತಿತ್ತು. ಲೋಕೋಪಯೋಗಿ ಇಲಾಖೆಯ ನಕ್ಷೆಗಾರನು ಹಿರಿಯ ನಕ್ಷೆಗಾರನ ಮೇಜಿನ ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದನು. ಮುಂಬಯಿಯ ಜೆ. ಜೆ. ಶಾಲೆಯಲ್ಲಿಯಾದರೋ ಪಾಠ ಹೇಳುವವರೇ ನಗರದಲ್ಲಿ ಕಟ್ಟಡಗಳನ್ನು ಕಟ್ಟಿಸುವವರೂ ಆಗಿದ್ದರು. 1923ರಿಂದ 1943ರವರೆಗೆ ಅಲ್ಲಿ ಮುಖ್ಯಸ್ಥರಾಗಿದ್ದ ಕ್ಲಾಡ್ ಬ್ಯಾಟ್ಲಿಯವರು ಗ್ರೆಗ್ಸನ್, ಬ್ಯಾಟ್ಲಿ ಅಂಡ್ ಕಿಂಗ್ ಎಂಬ ಕಛೇರಿಯ ಪಾಲುದಾರರೂ ಆಗಿದ್ದರು. ಮೈಸೂರು ಸಂಸ್ಥಾನದಲ್ಲಿ ಕಟ್ಟಡದ ಜ್ಞಾನವು ಬಹುಮಟ್ಟಿಗೆ ಸರ್ಕಾರದ ಇಲಾಖೆಯಲ್ಲಿಯೇ ನೆಲೆಸಿತ್ತು. ಜರ್ಮನಿಯಿಂದ ಬಂದ ಆಟೋ ಕೋನಿಗ್ಸ್‌ಬರ್ಗರ್ 1939ರಿಂದ ಹಲವು ವರ್ಷ ಇಲ್ಲಿ ಸರ್ಕಾರಿ ವಾಸ್ತುಶಿಲ್ಪಿಯಾಗಿದ್ದರು. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಎದ್ದು 1956ರಲ್ಲಿ ಮುಗಿದ ವಿಧಾನಸೌಧದ ಹೊಣೆಯನ್ನು ಅದೇ ಇಲಾಖೆಯ ಬಿ. ಆರ್. ಮಾಣಿಕ್ಯಂ ಅವರು ಹೊತ್ತಿದ್ದರು.

3

ಸ್ವತಂತ್ರ ಭಾರತದಲ್ಲಿ ಈ ವೃತ್ತಿಗೆ ಕಾನೂನಿನ ಚೌಕಟ್ಟು ಒದಗಿದುದು 1972ರ ವಾಸ್ತುಶಿಲ್ಪಿಗಳ ಅಧಿನಿಯಮದಿಂದ. ಅದರನ್ವಯ ವಾಸ್ತುಶಿಲ್ಪ ಪರಿಷತ್ತು ಸ್ಥಾಪಿತವಾಯಿತು. ಪರಿಷತ್ತು 1983ರಲ್ಲಿ ಹೊರಡಿಸಿದ ಶಿಕ್ಷಣದ ಕನಿಷ್ಠ ಮಟ್ಟದ ನಿಯಮಾವಳಿಯು ಪದವಿಯ ಅವಧಿಯನ್ನು 5 ವರ್ಷ, ಅಂದರೆ 10 ಷಾಣ್ಮಾಸಿಕಗಳೆಂದು ನಿಗದಿಮಾಡಿ, ಅವುಗಳಲ್ಲಿ ಒಂದನ್ನು, ಸುಮಾರು 16 ವಾರಗಳ ಕಾಲವನ್ನು, ವೃತ್ತಿಪರ ಕಛೇರಿಯಲ್ಲಿ ಪ್ರಾಯೋಗಿಕ ತರಬೇತಿಗಾಗಿ ಮೀಸಲಿಟ್ಟಿತು. ಮೊದಲ 3 ವರ್ಷಗಳ ಘಟ್ಟ ಮುಗಿದ ಮೇಲೆಯೇ ಈ ತರಬೇತಿ. 2020ರಲ್ಲಿ ಬಂದ ಹೊಸ ನಿಯಮಾವಳಿಯೂ ಇದನ್ನು ಕೈಬಿಟ್ಟಿಲ್ಲ. ಆದುದರಿಂದ ವಾಸ್ತುವಿದ್ಯಾರ್ಥಿಗೆ ಕಛೇರಿಯ ಅನುಭವವು ಇಷ್ಟವಿದ್ದರೆ ಮಾಡುವ ಕೆಲಸವಲ್ಲ. ಪದವಿಯ ಒಂದು ಭಾಗ.

ವಿನ್ಯಾಸದ ವಿದ್ಯಾರ್ಥಿಯ ಸ್ಥಿತಿಯು ಇದಕ್ಕಿಂತ ಭಿನ್ನ. ಪೀಠೋಪಕರಣ, ಉಪಯುಕ್ತ ವಸ್ತು, ಅಕ್ಷರ, ಚಿತ್ರಫಲಕ, ಬಟ್ಟೆ ಮುಂತಾದವುಗಳ ರಚನೆಯನ್ನು ಕಲಿಯುವವನು ಪರಿಷತ್ತಿನ ನಿಯಮಕ್ಕೆ ಒಳಪಡುವುದಿಲ್ಲ. ಅವನು ವಾಸ್ತುಶಿಲ್ಪಿಯ ಕಛೇರಿಗೆ ಹೋಗಬಹುದು; ಆಸ್ಪತ್ರೆಯ ದಾರಿಸೂಚಕ ಫಲಕಗಳು, ಗ್ರಂಥಾಲಯದ ಮೇಜುಕುರ್ಚಿಗಳು, ಒಳಾಂಗಣದ ವ್ಯವಸ್ಥೆ ಇವು ಅಂಥವನಿಗೆ ತಕ್ಕ ಕೆಲಸಗಳು. ಆದರೆ ತಾನು ಯಾವುದಕ್ಕಾಗಿ ಬಂದಿದ್ದೇನೆಂಬುದನ್ನು ಅವನೇ ವಿವರಿಸಬೇಕು. ನಿಯಮವು ಅವನ ಪರವಾಗಿ ಮಾತನಾಡುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಉಚಿತ. ಅಧಿನಿಯಮದ 37ನೆಯ ಪ್ರಕರಣವು ನೋಂದಣಿಯಿಲ್ಲದವರು ವಾಸ್ತುಶಿಲ್ಪಿ ಎಂಬ ಬಿರುದನ್ನು ಬಳಸುವುದನ್ನು ನಿಷೇಧಿಸುತ್ತದೆ. ಕಟ್ಟಡದ ವಿನ್ಯಾಸ ಮಾಡುವುದನ್ನೇ ಅದು ನಿಷೇಧಿಸುತ್ತದೆಂದು ಹಲವರು ಭಾವಿಸಿದ್ದರು. 2020ರ ಮಾರ್ಚ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಮುಕೇಶ್ ಗೋಯಲ್ ಮೊಕದ್ದಮೆಯಲ್ಲಿ ತೀರ್ಪಿತ್ತು, ನಿಷೇಧವು ಬಿರುದಿಗೆ ಮಾತ್ರ ಸಂಬಂಧಿಸಿದುದು, ಕೆಲಸಕ್ಕಲ್ಲ ಎಂದು ಸ್ಪಷ್ಟಪಡಿಸಿತು. ಹೀಗಾಗಿ ವಿನ್ಯಾಸದ ಪದವೀಧರನು ಇಂಥ ಕಛೇರಿಗಳಲ್ಲಿ ದುಡಿಯಲು ಅಡ್ಡಿಯಿಲ್ಲ. ಆದರೆ ಎಷ್ಟು ವರ್ಷ ದುಡಿದರೂ ಆ ದುಡಿಮೆಯೊಂದರಿಂದಲೇ ಅವನು ವಾಸ್ತುಶಿಲ್ಪಿಯೆಂದು ಕರೆಸಿಕೊಳ್ಳಲಾರನು. ಮಕ್ಕಳನ್ನು ಈ ದಾರಿಗೆ ಕಳುಹಿಸುವ ತಂದೆತಾಯಿಗಳು ಈ ಭೇದವನ್ನು ಮೊದಲೇ ಅರಿತಿರಬೇಕು.

4

ಈ ಎರಡು ಬಗೆಯ ಶಿಕ್ಷಣಕ್ಕೂ ವಿಜಯವಾಡದ ಪರಿಸರದಲ್ಲಿ ಅನುಕೂಲವಿದೆ. ಭಾರತ ಸರ್ಕಾರವು 2008ರಲ್ಲಿ ಇಲ್ಲಿ ಸ್ಥಾಪಿಸಿದ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಯು ದೆಹಲಿ, ಭೋಪಾಲಗಳ ಶಾಲೆಗಳೊಡನೆ 2014ರ ಅಧಿನಿಯಮದಿಂದ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯೆನಿಸಿತು. ಆಂಧ್ರಪ್ರದೇಶದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು 2015ರಲ್ಲಿ ಗುಂಟೂರಿನ ಬಳಿಯ ನಾಗಾರ್ಜುನ ವಿಶ್ವವಿದ್ಯಾಲಯದ ಆವರಣದಲ್ಲಿ ತನ್ನ ತರಗತಿಗಳನ್ನು ಆರಂಭಿಸಿತು. ವಿಶಾಖಪಟ್ಟಣದಲ್ಲಿ ಆಂಧ್ರ ವಿಶ್ವವಿದ್ಯಾಲಯವು ವಾಸ್ತುಶಿಲ್ಪದ ಪದವಿಯನ್ನು ಕೊಡುತ್ತದೆ. ಆ ವಿಶ್ವವಿದ್ಯಾಲಯವು 1926ರಲ್ಲಿ ಮೊದಲು ಕಣ್ತೆರೆದುದು ವಿಜಯವಾಡದಲ್ಲಿಯೇ ಎಂಬುದು ಎರಡು ನಗರಗಳಿಗಿರುವ ಹಳೆಯ ನಂಟನ್ನು ನೆನಪಿಸುತ್ತದೆ.

ಕಲಿಯಬೇಕಾದ ವಿಷಯವೂ ಇಲ್ಲಿ ಕಡಮೆಯಿಲ್ಲ. ನದಿಯಾಚೆಯ ಉಂಡವಲ್ಲಿಯ ಬಹು ಅಂತಸ್ತಿನ ಗುಹಾಲಯವು ಅಳತೆಯ ನಕ್ಷೆ ತೆಗೆಯುವ ಅಭ್ಯಾಸಕ್ಕೆ ಉತ್ತಮ ಸ್ಥಳ. ಬಾದಾಮಿಯ ಗುಹೆಗಳನ್ನು ಕಂಡವರಿಗೆ ಹೋಲಿಕೆಯೂ ಒದಗುತ್ತದೆ. ಬೆಟ್ಟದ ಬುಡದಲ್ಲಿಯೇ ಇರುವ ಪ್ರಕಾಶಂ ಬ್ಯಾರೇಜು 1957ರದು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹಳ್ಳವು ಉಕ್ಕಿ ವಿಜಯವಾಡದ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತುವು. ಮನೆಯ ನೆಲಗಟ್ಟನ್ನು ಎಷ್ಟು ಎತ್ತರಿಸಬೇಕು, ವಿದ್ಯುತ್ತಿನ ಫಲಕವನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗಳು ಅಂದಿನಿಂದ ಇಲ್ಲಿ ಪುಸ್ತಕದ ಪ್ರಶ್ನೆಗಳಾಗಿ ಉಳಿದಿಲ್ಲ. ವಿಶಾಖಪಟ್ಟಣದಲ್ಲಿ 2014ರ ಅಕ್ಟೋಬರ್ 12ರಂದು ಬೀಸಿದ ಹುದ್‌ಹುದ್ ಚಂಡಮಾರುತವು ಗಾಜಿನ ಹೊದಿಕೆಗೂ ತಗಡಿನ ಮಾಡಿಗೂ ಕಲಿಸಿದ ಪಾಠವನ್ನು ಅಲ್ಲಿಯ ಕಛೇರಿಗಳು ಮರೆಯುವಂತಿಲ್ಲ.

ಆದರೆ ಕಲಿಯುವ ವಿಷಯವಿದ್ದ ಮಾತ್ರಕ್ಕೆ ಕಲಿಸುವ ಕಛೇರಿ ಇರಬೇಕೆಂಬ ನಿಯಮವಿಲ್ಲ. ಇದಕ್ಕೆ ಅಮರಾವತಿಯ ಇತಿಹಾಸವೇ ನಿದರ್ಶನ. 2015ರ ಅಕ್ಟೋಬರ್ 22ರಂದು ಹೊಸ ರಾಜಧಾನಿಗೆ ಶಂಕುಸ್ಥಾಪನೆಯಾಯಿತು. ಜಪಾನಿನ ಮಾಕಿಯವರ ಸಂಸ್ಥೆಯೂ ಅನಂತರ ಲಂಡನ್ನಿನ ಫಾಸ್ಟರ್ ಸಂಸ್ಥೆಯೂ ಸರ್ಕಾರಿ ಸಮುಚ್ಚಯದ ನಕ್ಷೆಗಳಿಗೆ ಆಯ್ಕೆಯಾದುವು. 2019ರಲ್ಲಿ ಸರ್ಕಾರವು ಬದಲಾಗಿ ಕೆಲಸ ನಿಂತಿತು. 2020ರಲ್ಲಿ ವಿಶಾಖಪಟ್ಟಣವನ್ನೂ ಒಳಗೊಂಡ ಮೂರು ರಾಜಧಾನಿಗಳ ಶಾಸನ ಬಂದಿತು. 2021ರಲ್ಲಿ ಅದು ರದ್ದಾಯಿತು. 2024ರಲ್ಲಿ ಮತ್ತೆ ಸರ್ಕಾರ ಬದಲಾಗಿ, 2025ರ ಮೇ 2ರಂದು ಕೆಲಸವು ಪುನರಾರಂಭವಾಯಿತು. ಒಬ್ಬ ವಿದ್ಯಾರ್ಥಿಯ 5 ವರ್ಷದ ಶಿಕ್ಷಣವು ಇಂಥ ನಿಲುಗಡೆಯೊಳಗೇ ಪೂರ್ತಿಯಾಗಿ ಕಳೆದುಹೋಗಬಹುದು. ಮನೆಯ ಬಾಗಿಲಲ್ಲಿಯೇ ರಾಜಧಾನಿ ಎದ್ದೇಳುವುದೆಂದು ನೆಚ್ಚಿ ಬಂದವನು ತರಬೇತಿಯ ಕಾಲದಲ್ಲಿ ಹೈದರಾಬಾದಿಗೋ ಚೆನ್ನೈಗೋ ಬೆಂಗಳೂರಿಗೋ ಅಹಮದಾಬಾದಿಗೋ ಗಂಟು ಕಟ್ಟಬೇಕಾಗುತ್ತದೆ.

5

ಕಛೇರಿಯಲ್ಲಿ ಸ್ಥಳವನ್ನು ಪಡೆಯುವ ಕ್ರಮವು ಹೊರನೋಟಕ್ಕೆ ಸರಳ. ವಿದ್ಯಾರ್ಥಿಯು ತನ್ನ ನಕ್ಷೆಗಳ ಸಂಪುಟವನ್ನೂ ಒಂದು ಪತ್ರವನ್ನೂ ಶಾಲೆಯ ಶಿಫಾರಸನ್ನೂ ಕಳುಹಿಸುತ್ತಾನೆ. ಎಡವುವುದು ವಿವರಗಳಲ್ಲಿ. ಒಂದೇ ಪತ್ರವನ್ನು ನೂರು ಕಛೇರಿಗಳಿಗೆ ಕಳುಹಿಸುವವನಿಗಿಂತ ಹತ್ತು ಕಛೇರಿಗಳ ಕಟ್ಟಡಗಳನ್ನು ಕಣ್ಣಾರೆ ಕಂಡು, ಅವುಗಳಲ್ಲಿ ಒಂದನ್ನು ಕುರಿತು ಎರಡು ವಾಕ್ಯ ಬರೆದವನ ಪತ್ರಕ್ಕೆ ಉತ್ತರ ಬರುವ ಸಂಭವ ಹೆಚ್ಚು. ಸಂಪುಟದಲ್ಲಿ ಹದಿನೈದು ಹಾಳೆಗಳಿದ್ದರೆ ಸಾಕು. ಮುಗಿದ ಚಿತ್ರಗಳ ಅಂದಕ್ಕಿಂತ ಒಂದು ಆಲೋಚನೆ ಹೇಗೆ ಬೆಳೆದು ಬಂದಿತೆಂಬುದನ್ನು ತೋರಿಸುವ ಕೈಬರಹದ ರೇಖೆಗಳು, ಅಳತೆ ಹಿಡಿದು ಬರೆದ ಒಂದು ಹಳೆಯ ಮನೆಯ ನಕ್ಷೆ, ಮೆಟ್ಟಿಲಿನದೋ ಕಿಟಕಿಯದೋ ಒಂದು ಸಮಗ್ರ ವಿವರ, ಇವೇ ಹಿರಿಯರ ಕಣ್ಣನ್ನು ಹಿಡಿಯುತ್ತವೆ. ಗುಂಪಿನಲ್ಲಿ ಮಾಡಿದ ಕೆಲಸದಲ್ಲಿ ತನ್ನ ಪಾಲು ಎಷ್ಟೆಂದು ಪ್ರಾಮಾಣಿಕವಾಗಿ ಬರೆಯಬೇಕು. ಬರೆಯದವನ ಮಿಕ್ಕ ಹಾಳೆಗಳ ಮೇಲೂ ಸಂಶಯ ಹುಟ್ಟುವುದು ಸಹಜ.

ದೊಡ್ಡ ಕಛೇರಿಯೋ ಸಣ್ಣ ಕಛೇರಿಯೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ದೊಡ್ಡದರಲ್ಲಿ ಕ್ರಮಬದ್ಧತೆಯನ್ನು ಕಲಿಯಬಹುದು. ಆದರೆ ನಾಲ್ಕು ತಿಂಗಳೂ ಒಂದೇ ಕಟ್ಟಡದ ಶೌಚಗೃಹಗಳ ನಕ್ಷೆಯನ್ನು ತಿದ್ದುತ್ತ ಕೂರುವ ಅಪಾಯವಿದೆ. ಸಣ್ಣದರಲ್ಲಿ ಮನೆಯೊಡೆಯನ ಮಾತು, ಗುತ್ತಿಗೆದಾರನ ಲೆಕ್ಕ, ಪುರಸಭೆಯ ಅನುಮತಿ, ಎಲ್ಲವೂ ಕಣ್ಣೆದುರಿಗೆ ನಡೆಯುತ್ತವೆ. ಆದರೆ ಕೆಲಸವೇ ಇಲ್ಲದ ವಾರಗಳೂ ಬರುತ್ತವೆ. ಕಟ್ಟಡದ ಸ್ಥಳಕ್ಕೆ ವಾರಕ್ಕೊಮ್ಮೆಯಾದರೂ ಕರೆದೊಯ್ಯುವರೇ ಎಂದು ಮೊದಲೇ ಕೇಳಿಕೊಳ್ಳುವುದು ವಿವೇಕ. ತಾನೇ ಬರೆದ ಗೆರೆಯನ್ನು ನೋಡುತ್ತ ಮೇಸ್ತ್ರಿಯು ದಾರ ಹಿಡಿಯುವುದನ್ನು ಕಂಡ ದಿನವೇ ವಿದ್ಯಾರ್ಥಿಗೆ ಆ ಗೆರೆಯ ಬೆಲೆ ತಿಳಿಯುತ್ತದೆ.

ಕನ್ನಡದ ವಿದ್ಯಾರ್ಥಿಗೆ ಇಲ್ಲಿ ಒಂದು ವಿಶೇಷ ಲಾಭವಿದೆ. ಕೆಲಸದ ಸ್ಥಳದ ಭಾಷೆ ಇಂಗ್ಲಿಷಲ್ಲ, ತೆಲುಗು. ಗಾರೆಯವನು ಇಲ್ಲಿ ತಾಪಿ ಮೇಸ್ತ್ರಿ. ಗೋಡೆ ಗೋಡವಾಗುತ್ತದೆ, ಸುಣ್ಣ ಸುನ್ನವಾಗುತ್ತದೆ, ಇಟ್ಟಿಗೆ ಇಟುಕವಾಗುತ್ತದೆ. ಮೈಸೂರಿನ ಕಡೆಯವರು ಮರಳು ಎನ್ನುವುದು ಇಲ್ಲಿ ಇಸುಕ; ಧಾರವಾಡದ ಕಡೆಯ ಉಸುಕು ಅದರ ಒಡಹುಟ್ಟು. ಹೊಸ್ತಿಲು ಮಾತ್ರ ಗಡಪವೆಂಬ ಬೇರೆ ಹೆಸರನ್ನು ಹೊತ್ತಿದೆ. ಲಿಪಿಯೂ ಹತ್ತಿರದ ನಂಟು. ಒಂದು ತಿಂಗಳು ಕಿವಿಗೊಟ್ಟು ಕೇಳಿದರೆ ಕನ್ನಡಿಗನು ಮೇಸ್ತ್ರಿಯೊಡನೆ ನೇರವಾಗಿ ಮಾತನಾಡಬಲ್ಲನು. ವಿಂಧ್ಯದಾಚೆಯಿಂದ ಬಂದ ಸಹಪಾಠಿಗೆ ಈ ಸೌಕರ್ಯವಿಲ್ಲ.

6

ಈಗ ಕ್ಲಿಷ್ಟವಾದ ಪ್ರಶ್ನೆ. ಈ 16 ವಾರಗಳ ಊಟವಸತಿಗಳ ಖರ್ಚು ಯಾರದು? ಹಲವು ಕಛೇರಿಗಳು ಅಲ್ಪ ವೇತನವನ್ನು ಕೊಡುತ್ತವೆ. ಕೆಲವು ಏನನ್ನೂ ಕೊಡುವುದಿಲ್ಲ. ಕೊಡದಿರುವುದಕ್ಕೆ ಹೇಳುವ ಕಾರಣವನ್ನು ತಾಳ್ಮೆಯಿಂದ ಕೇಳಬೇಕು. ವಾಸ್ತುಶಿಲ್ಪಿಯ ಸಂಭಾವನೆಯು ಕಟ್ಟಡದ ವೆಚ್ಚದ ಶೇಕಡಾವಾರು ಲೆಕ್ಕದಲ್ಲಿ, ಕಂತುಕಂತಾಗಿ ಬರುತ್ತದೆ. ಕಟ್ಟಡ ನಿಂತರೆ ಕಂತೂ ನಿಲ್ಲುತ್ತದೆ. ಹೊಸಬನಿಗೆ ಕಲಿಸಲು ಹಿರಿಯ ನೌಕರನ ವೇಳೆ ವ್ಯಯವಾಗುತ್ತದೆ. ಅವನ ಕೈ ಪಳಗುವ ಹೊತ್ತಿಗೆ ನಾಲ್ಕು ತಿಂಗಳು ಮುಗಿದು ಅವನು ಹೊರಟುಹೋಗುತ್ತಾನೆ. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ.

ಇದರೊಡನೆ ಹಿರಿಯರ ನಿದರ್ಶನವನ್ನೂ ತೋರಿಸುವುದುಂಟು. ಪುಣೆಯ ಪೀಠೋಪಕರಣ ತಯಾರಕರ ಮನೆತನದಲ್ಲಿ 1927ರಲ್ಲಿ ಹುಟ್ಟಿದ ಬಾಲಕೃಷ್ಣ ದೋಶಿಯವರು 1951ರಲ್ಲಿ ಪ್ಯಾರಿಸ್ಸಿನ ಲ ಕಾರ್ಬ್ಯುಸಿಯೇ ಅವರ ಕಛೇರಿಯನ್ನು ಸೇರಿ ಮೊದಲ 8 ತಿಂಗಳು ಸಂಬಳವಿಲ್ಲದೆ ದುಡಿದರು. ಮುಂದೆ ಅವರು ಅಹಮದಾಬಾದಿನಲ್ಲಿ ವಾಸ್ತುಶಿಲ್ಪದ ಶಾಲೆಯನ್ನು ಕಟ್ಟಿದರು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐ. ಐ. ಎಂ. ಆವರಣವನ್ನು ರಚಿಸಿದರು, 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು ಪಡೆದರು. ಅಮೆರಿಕೆಯ ಫ್ರಾಂಕ್ ಲಾಯ್ಡ್ ರೈಟ್ ಅವರು 1932ರಲ್ಲಿ ಆರಂಭಿಸಿದ ಟ್ಯಾಲಿಯೆಸಿನ್ ಶಿಷ್ಯವೃಂದದಲ್ಲಿಯಾದರೋ ಶಿಷ್ಯರೇ ಗುರುವಿಗೆ ಶುಲ್ಕ ತೆರುತ್ತಿದ್ದರು.

ಆದರೆ ಈ ನಿದರ್ಶನಗಳು ಸಾಧಿಸುವುದೇನು? ಉಪವಾಸವನ್ನು ಸಹಿಸಿ ಗೆದ್ದವರ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ಸಹಿಸಲಾರದೆ ಹಿಂದಿರುಗಿದವರ ಹೆಸರು ಉಳಿಯುವುದಿಲ್ಲ. ಸಂಬಳವಿಲ್ಲದ ತರಬೇತಿಯು ಪ್ರತಿಭೆಯನ್ನು ಪರೀಕ್ಷಿಸುವುದಕ್ಕಿಂತ ಹೆಚ್ಚಾಗಿ ತಂದೆಯ ಜಮಾಖರ್ಚನ್ನು ಪರೀಕ್ಷಿಸುತ್ತದೆ. ವಿಜಯವಾಡದಲ್ಲಿ ವಿದ್ಯಾರ್ಥಿನಿಲಯದಲ್ಲಿದ್ದವನು ಬೆಂಗಳೂರಿಗೆ ಬಂದು ನಾಲ್ಕು ತಿಂಗಳ ಬಾಡಿಗೆ, ಮುಂಗಡ, ಬಸ್ಸಿನ ಖರ್ಚು, ಊಟ ಇವನ್ನೆಲ್ಲ ತಾನೇ ಹೊರುವುದಾದರೆ, ಶಿಕ್ಷಣಕ್ಕಾಗಿ ಆಗಲೇ ಸಾಲ ಮಾಡಿರುವ ಮನೆತನವು ಮತ್ತೊಂದು ಸಾಲಕ್ಕೆ ಕೈಯೊಡ್ಡಬೇಕು. ಇಲ್ಲವೇ ಒಳ್ಳೆಯ ಕಛೇರಿಯನ್ನು ಬಿಟ್ಟು ಮನೆಯ ಹತ್ತಿರದ ಯಾವುದೋ ಒಂದಕ್ಕೆ ತೃಪ್ತಿಪಡಬೇಕು. ಹುಟ್ಟಿನ ಬಾಗಿಲನ್ನು ಮುರಿದು ಕಟ್ಟಿದ ಶಾಲೆಯು ಹಣದ ಬಾಗಿಲನ್ನು ಇಟ್ಟುಕೊಂಡಂತಾಗುತ್ತದೆ.

ಇತರ ದೇಶಗಳಲ್ಲಿ ಈ ವಿಚಾರವು ತಕ್ಕಮಟ್ಟಿಗೆ ಇತ್ಯರ್ಥವಾಗುತ್ತಿದೆ. ಬ್ರಿಟನ್ನಿನ ರಾಯಲ್ ವಾಸ್ತುಶಿಲ್ಪಿಗಳ ಸಂಸ್ಥೆಯು 2011ರಲ್ಲಿ ತನ್ನ ಮಾನ್ಯತೆ ಪಡೆದ ಕಛೇರಿಗಳು ವಿದ್ಯಾರ್ಥಿಗಳಿಗೆ ಕನಿಷ್ಠ ವೇತನವನ್ನಾದರೂ ಕೊಡಬೇಕೆಂದು ವಿಧಿಸಿತು. 2019ರಲ್ಲಿ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿಯ ಮಂಟಪದ ರಚನೆಯಲ್ಲಿ ವೇತನವಿಲ್ಲದ ತರಬೇತಿಯ ಮಾತು ಬಂದಾಗ, ಆ ಕೆಲಸದಲ್ಲಿ ತೊಡಗುವ ಪ್ರತಿಯೊಬ್ಬರಿಗೂ ವೇತನ ಸಲ್ಲಬೇಕೆಂದು ಗ್ಯಾಲರಿಯೇ ಪಟ್ಟುಹಿಡಿಯಿತು.

ಭಾರತದಲ್ಲಿಯೂ ಆಧಾರವಿಲ್ಲದೆ ಇಲ್ಲ. ಪರಿಷತ್ತಿನ 1989ರ ವೃತ್ತಿ ನಡವಳಿಕೆಯ ನಿಯಮಾವಳಿಯು ವಾಸ್ತುಶಿಲ್ಪಿಯು ತನ್ನ ನೌಕರರಿಗೆ ತಕ್ಕ ವಾತಾವರಣವನ್ನೂ ನ್ಯಾಯವಾದ ಪ್ರತಿಫಲವನ್ನೂ ಕೊಟ್ಟು ಅವರ ವೃತ್ತಿಯ ಬೆಳವಣಿಗೆಗೆ ನೆರವಾಗಬೇಕೆಂದು ಹೇಳುತ್ತದೆ. ತರಬೇತಿಗೆ ಬಂದವನು ನೌಕರನೇ ಅಲ್ಲವೆಂದು ವಾದಿಸಬಹುದು. ಆದರೆ ಅವನು ಬರೆದ ನಕ್ಷೆಯು ಕಟ್ಟಡದ ಸ್ಥಳಕ್ಕೆ ಹೋದ ಮೇಲೆ, ಅದರ ಲೆಕ್ಕದಲ್ಲಿ ಕಛೇರಿಗೆ ಕಂತು ಬಂದ ಮೇಲೆ, ಆ ವಾದವು ನಿಲ್ಲುವುದು ಕಷ್ಟ. ಪದವಿ ಮುಗಿಸಿದವರಿಗೆ 1961ರ ಶಿಶಿಕ್ಷುಗಳ ಅಧಿನಿಯಮದ ಮಾರ್ಗವೂ ಇದೆ. 2019ರ ತಿದ್ದುಪಡಿಯಲ್ಲಿ ಪದವೀಧರ ಶಿಶಿಕ್ಷುವಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿಗಳನ್ನು ಗೊತ್ತುಮಾಡಲಾಯಿತು. ಕೇಂದ್ರ ಸರ್ಕಾರದ ಯೋಜನೆಯಲ್ಲಿ ಸೇರಿಕೊಂಡ ಸಂಸ್ಥೆಯಲ್ಲಿ ನಿಗದಿಯಾದ ಕನಿಷ್ಠದ ಅರ್ಧವನ್ನು ಸರ್ಕಾರವೇ ಭರಿಸುತ್ತದೆ. 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗೆ ಇದು ಕಡ್ಡಾಯ. 4ರಿಂದ 29 ಮಂದಿಯ ಸಂಸ್ಥೆಗೆ ಐಚ್ಛಿಕ. ವಾಸ್ತುಶಿಲ್ಪಿಗಳ ಕಛೇರಿಗಳು ಬಹುಪಾಲು ಈ ಎರಡನೆಯ ವರ್ಗಕ್ಕೆ ಸೇರಿದುವು. ಆದುದರಿಂದ ಕಾನೂನಿನ ಬಲವಂತ ಅವುಗಳ ಮೇಲಿಲ್ಲ. ಸೌಲಭ್ಯ ಮಾತ್ರ ಇದೆ. ಆ ಸೌಲಭ್ಯವನ್ನು ಸಣ್ಣ ಕಛೇರಿಗಳಿಗೆ ತಿಳಿಸಿಕೊಡುವುದೂ ವಿದ್ಯಾರ್ಥಿಯ ಹಿತೈಷಿಗಳು ಮಾಡಬಹುದಾದ ಕೆಲಸವಾಗಿದೆ.

ಇಷ್ಟನ್ನೂ ಪರಿಶೀಲಿಸಿದಾಗ ನ್ಯಾಯವಾದ ಒಂದು ಮಧ್ಯಮಾರ್ಗ ಕಾಣುತ್ತದೆ. ಮೊದಲ ಕೆಲವು ವಾರಗಳಲ್ಲಿ ವಿದ್ಯಾರ್ಥಿಯು ಕಲಿಯುವವನೇ ಹೊರತು ದುಡಿಯುವವನಲ್ಲ. ಆಗ ಊಟವಸತಿಗೆ ಸಾಲುವಷ್ಟು ಕೊಟ್ಟರೆ ಸಾಕು. ಅವನ ಕೈಬರಹವು ಕಛೇರಿಯ ನಕ್ಷೆಯಲ್ಲಿ ಉಪಯೋಗವಾಗತೊಡಗಿದ ದಿನದಿಂದ ಅದಕ್ಕೆ ತಕ್ಕ ವೇತನ ಸಲ್ಲಬೇಕು. ಈ ಕರಾರು ಮೊದಲ ದಿನವೇ ಬರೆಹದಲ್ಲಿರಬೇಕು: ಅವಧಿ, ವೇಳೆ, ವೇತನ, ಮಾಡಿದ ಕೆಲಸದ ಪ್ರತಿಗಳನ್ನು ತನ್ನ ಸಂಪುಟದಲ್ಲಿ ಸೇರಿಸಿಕೊಳ್ಳುವ ಅನುಮತಿ, ಕೊನೆಯಲ್ಲಿ ಕೊಡುವ ಪ್ರಮಾಣಪತ್ರ, ಈ ಐದೂ ಅದರಲ್ಲಿದ್ದರೆ ಸಾಕು. ವಿದ್ಯಾರ್ಥಿಯೂ ಪ್ರತಿದಿನದ ಕೆಲಸವನ್ನು ದಿನಚರಿಯಲ್ಲಿ ಬರೆದಿಡಬೇಕು. ಮುಂದೆ ಪ್ರಮಾಣಪತ್ರದ ಒಂದು ಸಾಲಿಗಿಂತ ಆ ದಿನಚರಿಯೇ ಅವನು ಕಲಿತುದಕ್ಕೆ ಸಾಕ್ಷಿಯಾಗುತ್ತದೆ.

7

ಹೊರನಾಡಿನ ಕನ್ನಡ ಸಂಘಗಳಿಗೆ ಈ ವಿಷಯದಲ್ಲಿ ಮಾಡಲು ಏನಾದರೂ ಇದೆಯೇ? ದೊಡ್ಡ ನಿಧಿಯಿಲ್ಲದೆಯೇ ಮಾಡಬಹುದಾದುದು ಒಂದಿದೆ. ಸದಸ್ಯರಲ್ಲಿ ಎಂಜಿನಿಯರರು, ಗುತ್ತಿಗೆದಾರರು, ಮನೆ ಕಟ್ಟಿಸಿದವರು ಇದ್ದೇ ಇರುತ್ತಾರೆ. ನಾಲ್ಕು ತಿಂಗಳ ಕಾಲ ಒಂದು ಕೋಣೆಯನ್ನು ಬಿಟ್ಟುಕೊಡಬಲ್ಲವರು ಯಾರು, ಯಾವ ಕಛೇರಿಯವರು ವಿದ್ಯಾರ್ಥಿಗಳನ್ನು ಪ್ರೀತಿಯಿಂದ ನಡೆಸಿಕೊಳ್ಳುತ್ತಾರೆ ಎಂಬುದರ ಒಂದು ಪಟ್ಟಿಯನ್ನು ಪ್ರತಿ ನಗರದ ಸಂಘವೂ ಇಟ್ಟುಕೊಂಡು, ಒಂದು ಸಂಘವು ಮತ್ತೊಂದಕ್ಕೆ ಕಳುಹಿಸಿಕೊಟ್ಟರೆ, ವಿಜಯವಾಡದಲ್ಲಿ ಓದುವ ಬಳ್ಳಾರಿಯ ಹುಡುಗಿಯೊಬ್ಬಳಿಗೆ ಅಹಮದಾಬಾದಿನ ಕಛೇರಿಯು ದೂರವಾಗಲಾರದು. ಖರ್ಚಿನಲ್ಲಿ ವಸತಿಯ ಬಾಬತು ಇಳಿದರೆ ಉಳಿದುದನ್ನು ಅವಳೇ ನಿಭಾಯಿಸಿಯಾಳು.

ಕಥೆಯ ಅರ್ಜುನನಿಗೆ ಇಂದ್ರಕೀಲದಲ್ಲಿ ಅಸ್ತ್ರವು ದೊರೆತುದು ಹಸಿವನ್ನು ತಾಳಿದುದಕ್ಕಾಗಿ ಮಾತ್ರವಲ್ಲ, ಎದುರಿಗೆ ಬಂದವನೊಡನೆ ಹಿಮ್ಮೆಟ್ಟದೆ ಹೋರಾಡಿದುದಕ್ಕಾಗಿ. ಕೆಲಸದ ಎದುರಿನ ಆ ಹೋರಾಟವನ್ನು ವಿದ್ಯಾರ್ಥಿಗೆ ಯಾರೂ ತಪ್ಪಿಸಲಾರರು, ತಪ್ಪಿಸಲೂ ಬಾರದು. ಹಸಿವನ್ನು ಮಾತ್ರ ತಪ್ಪಿಸಬಹುದು.